ಮೂತ್ರಪಿಂಡದ ಹರಳು: ಹುಟ್ಟುವುದು ಹೇಗೆ, ಬೆಳೆಯುವುದು ಹೇಗೆ?

ಸೊಲ್ಲಾಪುರದಿಂದ ಪುಣೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿರುವ ಚಿಂಚೋಳಿ ಎಂಐಡಿಸಿ ಹಾಗೂ ಸೊಲ್ಲಾಪುರ ನಗರಕ್ಕೆ ಅಂಟಿಕೊಂಡಿರುವ ಅಕ್ಕಲಕೋಟ ರಸ್ತೆಯ ಎಂಐಡಿಸಿ, ಇವೆರಡೂ ಗಡಿನಾಡಿನ ಅನೇಕ ಕನ್ನಡ ಮನೆಗಳಿಗೆ ಅನ್ನದ ದಾರಿಗಳಾಗಿವೆ. (ಇಲ್ಲಿ ಹೇಳುತ್ತಿರುವ ಚಿಂಚೋಳಿ ಕಲಬುರಗಿ ಜಿಲ್ಲೆಯ ತಾಲ್ಲೂಕು ಕೇಂದ್ರವಲ್ಲ.) ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಬಯಲುಸೀಮೆಯಲ್ಲಿ ತಗಡಿನ ಸೂರಿನಡಿ, ಬಾಯ್ಲರ್‌ನ ಬಳಿ, ಮಗ್ಗದ ಮುಂದೆ ದುಡಿಯುವವರನ್ನು ಹಿಡಿದು ಕಾಡುವ ಕಾಯಿಲೆಗಳಲ್ಲಿ ಮೂತ್ರಪಿಂಡದ ಹರಳು ಒಂದು. ನಮ್ಮ ಮನೆಗಳಲ್ಲಿ ಅದಕ್ಕೆ ‘ಹರಳು’ ಎನ್ನುತ್ತೇವೆ. ಕಾರ್ಖಾನೆಯ ಮರಾಠಿ ಗೆಳೆಯರು ‘ಮುತಖಡಾ’ ಎನ್ನುತ್ತಾರೆ. ವೈದ್ಯರ ಚೀಟಿಯಲ್ಲಿ ಅದು ‘ರೀನಲ್ ಕ್ಯಾಲ್ಕ್ಯುಲಸ್’ ಆಗಿರುತ್ತದೆ. ಮೂರು ಹೆಸರು ಕೇಳಿದ ರೋಗಿಗೆ ಕಾಯಿಲೆ ಮಾತ್ರ ಒಂದೂ ಹೆಸರಿನಲ್ಲಿ ಪೂರ್ಣವಾಗಿ ತಿಳಿದಿರುವುದಿಲ್ಲ. ಆದುದರಿಂದ ಅದನ್ನು ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಮೂತ್ರಪಿಂಡದ ಕೆಲಸ

ಬೆನ್ನಿನ ಹಿಂಭಾಗದಲ್ಲಿ, ಪಕ್ಕೆಲುಬುಗಳ ಕೆಳಗೆ, ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಘಟಕಗಳಿವೆ. ಇವಕ್ಕೆ ನೆಫ್ರಾನ್ ಎಂದು ಹೆಸರು. ಇವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲು ಮರಳಿ ರಕ್ತಕ್ಕೇ ಸೇರುತ್ತದೆ. ಉಳಿದ ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಬರುತ್ತದೆ. ದೇಹಕ್ಕೆ ಬೇಡವಾದ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ, ಫಾಸ್ಫೇಟ್ ಮುಂತಾದವೆಲ್ಲ ಆ ಅಲ್ಪ ನೀರಿನಲ್ಲಿಯೇ ಕರಗಿ ಹೋಗಬೇಕು. ನೀರು ಕಡಿಮೆಯಾದರೆ ಕರಗುವ ಜಾಗ ಕಡಿಮೆಯಾಗುತ್ತದೆ. ಹರಳಿನ ಕಥೆ ಇಲ್ಲಿಂದಲೇ ಪ್ರಾರಂಭವಾಗುತ್ತದೆ.

ಹರಳಿನ ಹುಟ್ಟು

ನಮ್ಮ ಜಿಲ್ಲೆ ಸಕ್ಕರೆ ಕಾರ್ಖಾನೆಗಳ ಜಿಲ್ಲೆ. ಅಲ್ಲಿ ಕೆಲಸ ಮಾಡಿದವರಿಗೆ ಈ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಕಬ್ಬಿನ ರಸವನ್ನು ಪ್ಯಾನಿನಲ್ಲಿ ಕುದಿಸುತ್ತ ಹೋದಂತೆ, ನೀರು ಕರಗಿಸಿಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಸಕ್ಕರೆ ಆ ಪಾಕದಲ್ಲಿ ಉಳಿಯುತ್ತದೆ. ಈ ಸ್ಥಿತಿಗೆ ಅತಿಸಂತೃಪ್ತ ಸ್ಥಿತಿ ಎನ್ನುತ್ತಾರೆ. ಆಗ ಸಕ್ಕರೆಯ ಸಣ್ಣ ಪುಡಿಯನ್ನು ಬೀಜವಾಗಿ ಹಾಕಿದರೆ ಅದರ ಮೇಲೆ ಸಕ್ಕರೆ ಕೂಡುತ್ತ ಹೋಗಿ ಕಾಳು ಕಟ್ಟುತ್ತದೆ.

ಮೂತ್ರದಲ್ಲಿಯೂ ಇದೇ ನಿಯಮ ನಡೆಯುತ್ತದೆ. ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಕರಗುವ ಮಿತಿಯನ್ನು ಮೀರಿದಾಗ ಅವು ಒಂದನ್ನೊಂದು ಹಿಡಿದು ಕಣ್ಣಿಗೆ ಕಾಣದ ಹರಳಿನ ಬೀಜವಾಗುತ್ತವೆ. ಅಂಥ ಹರಳುಕಣಗಳು ಆರೋಗ್ಯವಂತರ ಮೂತ್ರದಲ್ಲಿಯೂ ಆಗಾಗ ಹುಟ್ಟುತ್ತವೆ. ಆದರೂ ಎಲ್ಲರಿಗೂ ಹರಳು ಆಗುವುದಿಲ್ಲ. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಮೂತ್ರದಲ್ಲಿ ಹರಳು ಕಟ್ಟುವುದನ್ನು ತಡೆಯುವ ವಸ್ತುಗಳೂ ಇರುತ್ತವೆ. ಅವುಗಳಲ್ಲಿ ಸಿಟ್ರೇಟ್ ಮುಖ್ಯವಾದುದು. ಅದು ಕ್ಯಾಲ್ಸಿಯಂ ಅನ್ನು ತಾನೇ ಹಿಡಿದುಕೊಂಡು ಆಕ್ಸಲೇಟಿಗೆ ಸಿಗದಂತೆ ಮಾಡುತ್ತದೆ. ಮೆಗ್ನೀಷಿಯಂ ಹಾಗೂ ಮೂತ್ರಪಿಂಡವೇ ಸ್ರವಿಸುವ ಕೆಲವು ಪ್ರೋಟೀನುಗಳೂ ಇದಕ್ಕೆ ನೆರವಾಗುತ್ತವೆ. ಎರಡನೆಯದು, ನೆಫ್ರಾನಿನೊಳಗೆ ದ್ರವ ಹಾದುಹೋಗಲು ಕೆಲವೇ ನಿಮಿಷಗಳು ಸಾಕು. ಅಷ್ಟರಲ್ಲಿ ತೇಲುವ ಕಣವೊಂದು ನಾಳವನ್ನು ಮುಚ್ಚುವಷ್ಟು ದೊಡ್ಡದಾಗುವುದು ಕಷ್ಟ. ಬೆಳೆಯಬೇಕಾದರೆ ಅದಕ್ಕೆ ಕಚ್ಚಿಕೊಳ್ಳಲು ಒಂದು ನೆಲೆ ಬೇಕು.

ಹರಳಿನ ಬೆಳವಣಿಗೆ

ಆ ನೆಲೆ ಯಾವುದೆಂಬುದನ್ನು ಅಮೆರಿಕದ ಶಸ್ತ್ರವೈದ್ಯ ಅಲೆಕ್ಸಾಂಡರ್ ರ‍್ಯಾಂಡಲ್ ಅವರು 1937ರಲ್ಲಿ ಪ್ರಕಟಿಸಿದರು. ಮೃತರ ಮೂತ್ರಪಿಂಡಗಳನ್ನು ಪರೀಕ್ಷಿಸಿದಾಗ, ಮೂತ್ರ ತೊಟ್ಟಿಕ್ಕುವ ತೊಟ್ಟಿನಾಕಾರದ ತುದಿಗಳಲ್ಲಿ ಬಿಳಿಯ ಸುಣ್ಣದಂಥ ಮಚ್ಚೆಗಳು ಅವರಿಗೆ ಕಂಡವು. ಇಂದಿಗೂ ಅವಕ್ಕೆ ‘ರ‍್ಯಾಂಡಲ್ ಪ್ಲೇಕ್’ ಎಂಬ ಹೆಸರಿದೆ. ಇವು ಅಂಗಾಂಶದೊಳಗೆ ಕೂಡಿದ ಕ್ಯಾಲ್ಸಿಯಂ ಫಾಸ್ಫೇಟ್. ಮೇಲಿನ ತೆಳುಪದರ ಸವೆದು ಈ ಮಚ್ಚೆ ಮೂತ್ರಕ್ಕೆ ತೆರೆದುಕೊಂಡಾಗ ಅದರ ಮೇಲೆ ಕ್ಯಾಲ್ಸಿಯಂ ಆಕ್ಸಲೇಟ್ ಪದರ ಪದರವಾಗಿ ಕೂಡುತ್ತದೆ. ಮೂತ್ರ ಗಟ್ಟಿಯಾದ ಪ್ರತಿ ಮಧ್ಯಾಹ್ನವೂ, ನೀರು ಕುಡಿಯದೆ ಕಳೆದ ಪ್ರತಿ ಪಾಳಿಯೂ ಅದಕ್ಕೆ ಮತ್ತಷ್ಟು ಸರಕನ್ನು ಒದಗಿಸುತ್ತದೆ. ಕೆಲವು ಹರಳುಗಳನ್ನು ಕೊಯ್ದು ನೋಡಿದರೆ ಮರದ ಕಾಂಡದಲ್ಲಿರುವಂತೆ ಸುತ್ತುಸುತ್ತಿನ ಪದರಗಳು ಕಾಣುತ್ತವೆ.

ಹರಳು ಎಲ್ಲರಲ್ಲಿಯೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಕೆಲವು ಹರಳುಗಳು ವರ್ಷಗಟ್ಟಲೆ ಅದೇ ಗಾತ್ರದಲ್ಲಿ ಮೌನವಾಗಿ ಕುಳಿತಿರುತ್ತವೆ. ಬೇರೆ ಕಾರಣಕ್ಕೆ ಸೋನೋಗ್ರಫಿ ಮಾಡಿಸಿದಾಗ ಮಾತ್ರ ಗೊತ್ತಾಗುತ್ತವೆ. ಕೆಲವು ತಿಂಗಳುಗಳಲ್ಲಿಯೇ ದೊಡ್ಡದಾಗುವ ಹರಳುಗಳೂ ಇವೆ.

ಹರಳಿನ ಬಗೆಗಳು

ಸುಶ್ರುತ ಸಂಹಿತೆಯು ‘ಅಶ್ಮರಿ’ ಎಂಬ ಹೆಸರಿನಲ್ಲಿ ಈ ಕಾಯಿಲೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿತ್ತು. ಇಂದಿನ ವೈದ್ಯಶಾಸ್ತ್ರವು ಹರಳಿನ ರಾಸಾಯನಿಕ ರಚನೆಯನ್ನು ಆಧರಿಸಿ ವಿಂಗಡಿಸುತ್ತದೆ.

ಕ್ಯಾಲ್ಸಿಯಂ ಹರಳುಗಳು: ನೂರರಲ್ಲಿ ಸುಮಾರು 80 ಹರಳುಗಳು ಈ ಬಗೆಯವು. ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ಉಳಿದವು ಕ್ಯಾಲ್ಸಿಯಂ ಫಾಸ್ಫೇಟ್.

ಯೂರಿಕ್ ಆಮ್ಲದ ಹರಳುಗಳು: ಮೂತ್ರದ ಆಮ್ಲೀಯತೆ ಹೆಚ್ಚಾಗಿ ಪಿಎಚ್ 5.5ಕ್ಕಿಂತ ಕೆಳಗೆ ಇಳಿದಾಗ ಇವು ಕಟ್ಟುತ್ತವೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಮಾಂಸಾಹಾರ ಬಹಳವಾಗಿ ಸೇವಿಸುವವರಲ್ಲಿ ಇವುಗಳ ಸಂಭವ ಹೆಚ್ಚು. ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆದರೆ ಮೂತ್ರದ ಆಮ್ಲೀಯತೆಯನ್ನು ತಗ್ಗಿಸುವ ಔಷಧಿಯಿಂದ ಕರಗಿಸಬಹುದಾದ ಹರಳುಗಳು ಇವೇ.

ಸೋಂಕಿನ ಹರಳುಗಳು: ಕೆಲವು ಬ್ಯಾಕ್ಟೀರಿಯಾಗಳು ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಉಂಟುಮಾಡುತ್ತವೆ. ಆಗ ಸ್ಟ್ರುವೈಟ್ ಎಂಬ ಹರಳು ಕಟ್ಟುತ್ತದೆ. ಇದು ವೇಗವಾಗಿ ಬೆಳೆದು, ಜಿಂಕೆಯ ಕೊಂಬಿನಂತೆ ಕವಲೊಡೆದು ಮೂತ್ರಪಿಂಡದ ಒಳಭಾಗವನ್ನೇ ತುಂಬಿಬಿಡಬಲ್ಲದು. ಮಹಿಳೆಯರಲ್ಲಿ ಇದು ಹೆಚ್ಚು.

ಸಿಸ್ಟಿನ್ ಹರಳುಗಳು: ನೂರರಲ್ಲಿ ಒಂದರಷ್ಟು ಮಾತ್ರ, ವಂಶಪಾರಂಪರ್ಯವಾಗಿ ಬರುವ ದೋಷವೇ ಇದಕ್ಕೆ ಕಾರಣ.

ನೋವು ಏಕೆ ಬರುತ್ತದೆ?

ಮೂತ್ರಪಿಂಡದಲ್ಲಿ ಕುಳಿತಿರುವ ಹರಳು ಹೆಚ್ಚಾಗಿ ನೋಯಿಸುವುದಿಲ್ಲ. ಅದು ಕಳಚಿ, ಸುಮಾರು 25 ಸೆಂ.ಮೀ. ಉದ್ದದ, ಕೆಲವೇ ಮಿಲಿಮೀಟರ್ ಅಗಲದ ಮೂತ್ರನಾಳಕ್ಕೆ ಇಳಿದು ಸಿಕ್ಕಿಕೊಂಡಾಗ ಮೇಲಿನಿಂದ ಬರುವ ಮೂತ್ರಕ್ಕೆ ದಾರಿ ಕಟ್ಟುತ್ತದೆ. ಒತ್ತಡದಿಂದ ನಾಳವೂ ಮೂತ್ರಪಿಂಡವೂ ಹಿಗ್ಗುತ್ತವೆ. ಬೆನ್ನಿನ ಪಕ್ಕದಿಂದ ತೊಡೆಸಂದಿಯವರೆಗೆ ಅಲೆ ಅಲೆಯಾಗಿ ಬರುವ ಆ ನೋವು ಈ ಹಿಗ್ಗುವಿಕೆಯದು. ವಾಂತಿ, ಬೆವರು, ಮೂತ್ರದಲ್ಲಿ ರಕ್ತ, ಪದೇ ಪದೇ ಉರಿಮೂತ್ರ ಇವು ಜೊತೆಯ ಲಕ್ಷಣಗಳು.

ನೋವು ತಾನಾಗಿ ನಿಂತಿತೆಂದರೆ ಹರಳು ಹೋಯಿತೆಂದು ತಿಳಿಯಬಾರದು. ದಾರಿ ಕಟ್ಟಿದ ಮೂತ್ರಪಿಂಡ ಸದ್ದಿಲ್ಲದೆ ಕೆಡುವುದುಂಟು. ನೋವಿನೊಡನೆ ಚಳಿಜ್ವರ ಬಂದರೆ, ಮೂತ್ರ ಪೂರ್ತಿ ನಿಂತರೆ, ಗರ್ಭಿಣಿಯರಿಗೆ ಅಥವಾ ಒಂದೇ ಮೂತ್ರಪಿಂಡ ಇರುವವರಿಗೆ ಈ ನೋವು ಕಾಣಿಸಿದರೆ ಪಾಳಿ ಮುಗಿಯುವವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬಿಸಿಲು, ಬೆವರು ಮತ್ತು ಶೌಚಾಲಯ

ಮಹಾರಾಷ್ಟ್ರ, ಗುಜರಾತ್, ರಾಜಸ್ಥಾನ, ಪಂಜಾಬ್, ಹರಿಯಾಣಗಳನ್ನು ಒಳಗೊಂಡ ಪ್ರದೇಶವನ್ನು ವೈದ್ಯರು ಭಾರತದ ‘ಹರಳಿನ ಪಟ್ಟಿ’ ಎಂದು ಕರೆಯುತ್ತಾರೆ. ಬಿಸಿಲಿನಲ್ಲಿ ನೀರು ಬೆವರಾಗಿ ಹೋಗುತ್ತದೆ. ಮೂತ್ರ ಕಡಿಮೆಯಾಗಿ ಗಟ್ಟಿಯಾಗುತ್ತದೆ. ಕೆಲಸದ ಸ್ಥಳದ ಶಾಖವೂ ಇದೇ ಪರಿಣಾಮ ಬೀರುತ್ತದೆ. ಇಟಲಿಯ ಗಾಜಿನ ಕಾರ್ಖಾನೆಯೊಂದರಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕುಲುಮೆಯ ಶಾಖದಲ್ಲಿ ದುಡಿಯುವವರಲ್ಲಿ ಹರಳಿನ ಪ್ರಮಾಣ ತಂಪಾದ ವಿಭಾಗದವರಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು.

ನೀರು ಇದ್ದರೂ ಕುಡಿಯದವರು ನಮ್ಮಲ್ಲಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಶುಚಿಯಾದ, ಬಾಗಿಲು ಭದ್ರವಾದ ಶೌಚಾಲಯ ಇಲ್ಲದ ಕಡೆ ಎಂಟು ಗಂಟೆ ಬಾಯಾರಿಕೆಯನ್ನು ತಡೆದು ಕೂರುವುದು ಅವರಿಗೆ ಅಭ್ಯಾಸವಾಗಿಬಿಟ್ಟಿದೆ. ಇದು ಅವರ ಅಜ್ಞಾನವಲ್ಲ, ಮರ್ಯಾದೆಯ ಪ್ರಶ್ನೆ. ಶೌಚಾಲಯ ಒದಗಿಸದೆ ‘ನೀರು ಹೆಚ್ಚು ಕುಡಿಯಿರಿ’ ಎಂದು ಉಪದೇಶಿಸುವುದು ಅರ್ಧ ಮಾತು ಮಾತ್ರ.

ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕೆಂಬುದು ಹರಳು ಆದವರಿಗೆ ವೈದ್ಯರ ಸಲಹೆ. ಬೆವರುವ ಕೆಲಸದವರಿಗೆ ಇದಕ್ಕೆ ಮೂರು ಲೀಟರಿಗಿಂತ ಹೆಚ್ಚು ನೀರು ಬೇಕಾದೀತು. ಅಳೆಯಲು ಸುಲಭವಾದ ಸಾಧನ ಮೂತ್ರದ ಬಣ್ಣ: ತಿಳಿಯಾಗಿದ್ದರೆ ಸರಿ, ಗಾಢ ಹಳದಿಯಾಗಿದ್ದರೆ ನೀರು ಸಾಲದು. ಒಮ್ಮೆ ಹರಳು ಆದ 199 ಜನರನ್ನು ಐದು ವರ್ಷ ಗಮನಿಸಿದ ಇಟಲಿಯ ಅಧ್ಯಯನದಲ್ಲಿ, ನೀರು ಹೆಚ್ಚು ಕುಡಿದವರ ಪೈಕಿ ಶೇ. 12 ಮಂದಿಗೆ ಮಾತ್ರ ಹರಳು ಮರುಕಳಿಸಿತು. ಉಳಿದವರಲ್ಲಿ ಅದು ಶೇ. 27. ಹೃದಯ ಅಥವಾ ಮೂತ್ರಪಿಂಡ ದುರ್ಬಲವಾಗಿರುವವರು ಮಾತ್ರ ವೈದ್ಯರನ್ನು ಕೇಳಿಯೇ ನೀರಿನ ಪ್ರಮಾಣ ಹೆಚ್ಚಿಸಬೇಕು.

ಊಟದ ಕುರಿತ ತಪ್ಪು ತಿಳಿವಳಿಕೆ

‘ಹರಳು ಸುಣ್ಣದ್ದು, ಆದ್ದರಿಂದ ಹಾಲು ಮೊಸರು ಬಿಡಬೇಕು’ ಎಂಬ ಮಾತು ನಮ್ಮ ಊರುಗಳಲ್ಲಿ ಬೇರೂರಿದೆ. ಸತ್ಯ ಇದಕ್ಕೆ ವಿರುದ್ಧವಾಗಿದೆ. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಮಲದೊಡನೆ ಹೊರಹಾಕುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಕ್ಕೆ ಬರುತ್ತದೆ. 1993ರಲ್ಲಿ ಅಮೆರಿಕದಲ್ಲಿ 45 ಸಾವಿರಕ್ಕೂ ಹೆಚ್ಚು ಪುರುಷರ ಅಧ್ಯಯನವೊಂದು ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದವರಲ್ಲಿಯೇ ಹರಳು ಕಡಿಮೆ ಎಂದು ತೋರಿಸಿತು. ಸೊಲ್ಲಾಪುರದ ಶೇಂಗಾ ಚಟ್ನಿಯಲ್ಲಿ ಆಕ್ಸಲೇಟ್ ಇದೆ; ಆದರೆ ಜೋಳದ ರೊಟ್ಟಿಯ ಮೇಲೆ ಆ ಚಟ್ನಿಗೆ ಮೊಸರು ಕಲಸಿ ತಿನ್ನುವ ನಮ್ಮ ಹಿರಿಯರ ರೂಢಿ ವಿಜ್ಞಾನಕ್ಕೂ ಒಪ್ಪುವಂಥದ್ದು. ಪಾಲಕ ಸೊಪ್ಪಿನಲ್ಲಿ ಆಕ್ಸಲೇಟ್ ಬಹಳ. ಹರಳು ಆದವರು ಅದನ್ನು ಮಿತಗೊಳಿಸಬೇಕು.

ನಿಜವಾಗಿ ಕಡಿಮೆ ಮಾಡಬೇಕಾದುದು ಉಪ್ಪು. ಉಪ್ಪು ಹೆಚ್ಚಾದಂತೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ಉಪ್ಪಿನಕಾಯಿ, ಹಪ್ಪಳ, ಫರಸಾಣಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ನಿಂಬೆಹಣ್ಣಿನಲ್ಲಿ ಸಿಟ್ರೇಟ್ ಇರುವುದರಿಂದ ಉಪ್ಪು, ಸಕ್ಕರೆ ಅತಿಯಾಗದ ನಿಂಬೆನೀರು ಒಳ್ಳೆಯದು. ಬೀರ್ ಕುಡಿದರೆ ಹರಳು ಹೋಗುತ್ತದೆಂಬ ಮಾತನ್ನು ಕುಡಿಯಲು ನೆಪವೆಂದೇ ತಿಳಿಯಬೇಕು.

ಚಿಕಿತ್ಸೆ

5 ಮಿ.ಮೀ.ಗಿಂತ ಚಿಕ್ಕ ಹರಳುಗಳು ಬಹುತೇಕ ತಾವಾಗಿಯೇ ಹೋಗುತ್ತವೆ, 10 ಮಿ.ಮೀ. ಮೀರಿದವು ಹಾಗೆ ಹೋಗುವುದು ವಿರಳ. ದೇಹದ ಹೊರಗಿನಿಂದ ಆಘಾತದ ಅಲೆ ಕಳಿಸಿ ಹರಳು ಪುಡಿಮಾಡುವ ವಿಧಾನವನ್ನು 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲು ರೋಗಿಯೊಬ್ಬರ ಮೇಲೆ ಬಳಸಲಾಯಿತು. ಮೂತ್ರದ ದಾರಿಯಿಂದಲೇ ದುರ್ಬೀನು ಇಳಿಸಿ ಒಡೆಯುವುದು, ದೊಡ್ಡ ಹರಳಿಗೆ ಬೆನ್ನಿನಿಂದ ಸಣ್ಣ ರಂಧ್ರ ಮಾಡಿ ತೆಗೆಯುವುದು ಇತರ ವಿಧಾನಗಳು. ಹೊರಬಂದ ಹರಳನ್ನು ಎಸೆಯದೆ ಪರೀಕ್ಷೆಗೆ ಕೊಡಬೇಕು. ಬಗೆ ತಿಳಿದರೆ ಮುಂದಿನದನ್ನು ತಡೆಯುವ ದಾರಿ ತಿಳಿಯುತ್ತದೆ. ಏಕೆಂದರೆ ಒಮ್ಮೆ ಹರಳು ಆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹತ್ತು ವರ್ಷಗಳೊಳಗೆ ಮತ್ತೆ ಆಗುತ್ತದೆ.

ನೀರಿನ ಹಕ್ಕು, ಭಾಷೆಯ ಹಕ್ಕು

1948ರ ಕಾರ್ಖಾನೆ ಕಾಯ್ದೆಯ 18ನೆಯ ಕಲಮು ಕುಡಿಯುವ ನೀರಿನ ವ್ಯವಸ್ಥೆಯನ್ನು ಮಾಲೀಕರ ಹೊಣೆಯಾಗಿಸಿತು. ಅಷ್ಟೇ ಅಲ್ಲ, ‘ಕುಡಿಯುವ ನೀರು’ ಎಂಬ ಫಲಕವು ಅಲ್ಲಿನ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕೆಂದೂ ಹೇಳಿತು. ಮುಂದಿನ 19ನೆಯ ಕಲಮು ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯವನ್ನು ಕಡ್ಡಾಯಗೊಳಿಸಿತು. ನೀರು, ಶೌಚಾಲಯ, ಭಾಷೆ ಮೂರೂ ಆರೋಗ್ಯದ ಮಾತೇ ಎಂಬುದನ್ನು ಏಳು ದಶಕಗಳ ಹಿಂದೆಯೇ ಈ ದೇಶ ಒಪ್ಪಿಕೊಂಡಿತ್ತು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟುವುದನ್ನೇ ಶಿವಪೂಜೆಯೆಂದು ತಿಳಿದ ಊರು ನಮ್ಮದು; ದುಡಿಯುವವನಿಗೆ ನೀರು ಕೊಡುವುದು ಇಲ್ಲಿ ಹೊಸ ಪಾಠವಲ್ಲ.

ಆದುದರಿಂದ ನಾವು ಮೂರು ವಿನಂತಿಗಳನ್ನು ಮುಂದಿಡುತ್ತೇವೆ. ಕನ್ನಡಿಗರು ಗಣನೀಯವಾಗಿರುವ ಕಾರ್ಖಾನೆಗಳಲ್ಲಿ ಮರಾಠಿಯ ಪಕ್ಕದಲ್ಲಿ ಕನ್ನಡದಲ್ಲಿಯೂ ನೀರಿನ, ಆರೋಗ್ಯದ ಸೂಚನೆಗಳಿರಲಿ. ಕಾರ್ಮಿಕರು ಸಿವಿಲ್ ಆಸ್ಪತ್ರೆಗಾಗಲಿ ಇಎಸ್‌ಐ ಸೌಲಭ್ಯಕ್ಕಾಗಲಿ ಹೋಗುವಾಗ ನೋವು ಎಲ್ಲಿಂದ ಎಲ್ಲಿಗೆ, ಎಂದಿನಿಂದ, ಜ್ವರ ಇದೆಯೇ ಎಂಬುದನ್ನು ಮೊದಲೇ ಬರೆದುಕೊಂಡು, ಅಗತ್ಯವಿದ್ದರೆ ಮರಾಠಿ ಬಲ್ಲವರನ್ನು ಜೊತೆಗೆ ಕರೆದೊಯ್ಯಲಿ. ನಮ್ಮ ಕನ್ನಡ ಶಾಲೆಗಳ ಶಿಕ್ಷಕ ಬಂಧುಗಳು ವಿಸರ್ಜನಾಂಗ ವ್ಯೂಹದ ಪಾಠ ಮಾಡುವಾಗ ಒಂದು ತಾಸನ್ನು ಈ ವಿಷಯಕ್ಕೆ ಮೀಸಲಿಡಲಿ. ಪಾಠ ಕೇಳಿದ ಮಗು ಸಂಜೆ ಮನೆಗೆ ಹೋಗಿ, ಪಾಳಿ ಮುಗಿಸಿ ಬಂದ ಅಪ್ಪನಿಗೆ, ಅವ್ವನಿಗೆ ‘ಇವತ್ತು ಎಷ್ಟು ನೀರು ಕುಡಿದಿರಿ?’ ಎಂದು ಕೇಳುವಂತಾಗಲಿ.