ಕೊಡಗಿನಲ್ಲಿ ಸೈಬರ್ ಅರಿವು ಮತ್ತು ಅಪರಾಧ ತಡೆ

ಆನ್‌ಲೈನ್ ವಂಚನೆ, ಕಿರುಕುಳ, ಸುಳ್ಳುಸುದ್ದಿಗಳನ್ನು ಗುರುತಿಸಿ ಅವುಗಳಿಂದ ಪಾರಾಗುವ ತಿಳಿವಳಿಕೆಗೆ ಸೈಬರ್ ಅರಿವು ಎಂಬ ಹೆಸರು ರೂಢಿಯಲ್ಲಿದೆ. ಕೊಡಗು ಜಿಲ್ಲೆಯಲ್ಲಿ ಇದರ ಇತಿಹಾಸ ಚಿಕ್ಕದು. ಕಾನೂನು ಮೊದಲು ಬಂತು, ಠಾಣೆ ಆಮೇಲೆ. ಎಳೆಯರಿಗೆ ಪಾಠ ಎಲ್ಲಕ್ಕಿಂತ ತಡವಾಗಿ.

ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ಮರುವರ್ಷ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಆರಂಭವಾಯಿತು. ಇಡೀ ರಾಜ್ಯವೇ ಅದರ ವ್ಯಾಪ್ತಿಯಾಗಿದ್ದರಿಂದ ಇಂಥ ಪ್ರಕರಣಗಳಿಗೆಂದೇ ಇದ್ದ ಠಾಣೆ ಕೊಡಗಿನವರ ಪಾಲಿಗೂ ಬೆಂಗಳೂರಿನಲ್ಲೇ ಇತ್ತು. 2009ರ ಅಕ್ಟೋಬರ್‌ನಲ್ಲಿ ಜಾರಿಯಾದ ತಿದ್ದುಪಡಿಯು ಗುರುತು ಕಳವು (66ಸಿ), ಸೋಗು ಹಾಕಿ ವಂಚನೆ (66ಡಿ), ಮಕ್ಕಳ ಅಶ್ಲೀಲ ಚಿತ್ರಗಳ ಹಂಚಿಕೆ (67ಬಿ) ಇವಕ್ಕೆ ಪ್ರತ್ಯೇಕ ಕಲಮುಗಳನ್ನು ಸೇರಿಸಿತು. ಮುಂದೆ ರಾಜ್ಯ ಸರಕಾರ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗಾಗಿ 'ಸೆನ್' ಠಾಣೆಗಳನ್ನು ತೆರೆಯಿತು. ಕೊಡಗಿನದು ಮಡಿಕೇರಿಯಲ್ಲಿದೆ.

ಸುಳ್ಳುಸುದ್ದಿಯ ಕಥೆ ಬೇರೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ–ರುಬೆಲ್ಲಾ ಲಸಿಕೆ ಹಾಕುವಾಗ ವಾಟ್ಸಾಪ್ ವದಂತಿಗಳು ತಾಯ್ತಂದೆಯರನ್ನು ಹೆದರಿಸಿದವು. ಅದೇ ವರ್ಷ ಕೇರಳಕ್ಕೂ ಆ ಪಾಡು ಬಂತು. ಮಾಕುಟ್ಟ ಘಾಟಿ ಇಳಿದರೆ ಸಿಗುವ ಕಣ್ಣೂರು ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಮೀರ್ ಮೊಹಮ್ಮದ್ ಅಲಿ ಅದರಿಂದ ಎಚ್ಚೆತ್ತು, 2018ರಲ್ಲಿ ಸುಮಾರು 150 ಸರಕಾರಿ ಶಾಲೆಗಳಲ್ಲಿ 'ಸತ್ಯಮೇವ ಜಯತೇ' ಎಂಬ ತರಗತಿಗಳನ್ನು ಶುರುಮಾಡಿದರು. ಬಂದ ಸಂದೇಶವನ್ನು ಮುಂದೆ ಕಳಿಸುವ ಮುನ್ನ ಅದರ ಮೂಲ ಯಾವುದೆಂದು ಕೇಳಿಕೊಳ್ಳುವುದೇ ಅಲ್ಲಿನ ಮುಖ್ಯ ಪಾಠ. ವದಂತಿಯ ಬಿಸಿ ಮೊದಲು ತಟ್ಟಿದ್ದು ನಮಗೆ. ಅದನ್ನು ಪಾಠವಾಗಿಸಿದವರು ನೆರೆಯವರು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ವದಂತಿ ಜೀವ ತೆಗೆದ ಮೇಲೆ, ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದರ ಮಿತಿ ಹಾಕಿತು.

ಕೊಡಗಿನ ಮಕ್ಕಳ ಕೈಗೆ ಮೊಬೈಲ್ ವ್ಯಾಪಕವಾಗಿ ಬಂದದ್ದು ಕೋವಿಡ್ ಕಾಲದ ಆನ್‌ಲೈನ್ ತರಗತಿಗಳಿಂದ. ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಬೇಕಾಗಿದ್ದ ದಿನಗಳವು. 2021ರಲ್ಲಿ ಶನಿವಾರಸಂತೆ ಕಡೆಯ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿ ಅಲ್ಲಿಂದಲೇ ಪಾಠ ಮಾಡಿದ್ದು ಸುದ್ದಿಯಾಯಿತು. ಸಿಗ್ನಲ್‌ಗಾಗಿ ಇಷ್ಟು ಪಾಡುಪಟ್ಟ ವ್ಯವಸ್ಥೆ, ಆ ಸಿಗ್ನಲ್‌ನ ಜೊತೆಗೇ ಬರುವ ನಕಲಿ ಖಾತೆ, ಸಾಲದ ಆ್ಯಪ್, ಒಟಿಪಿ ಕರೆಗಳ ಬಗ್ಗೆ ಮಕ್ಕಳಿಗೆ ಅದೇ ವೇಗದಲ್ಲಿ ಹೇಳಿಕೊಡಲಿಲ್ಲ.

ದೂರು ಕೊಡುವ ದಾರಿ ಮಾತ್ರ ಹತ್ತಿರವಾಗುತ್ತ ಬಂತು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ 2019ರ ಆಗಸ್ಟ್‌ನಲ್ಲಿ ಬಂತು. 2021ರಲ್ಲಿ ಬಂದ 155260 ಸಹಾಯವಾಣಿ ಮರುವರ್ಷ 1930 ಆಯಿತು. ಕದ್ದ ಹಣ ಖಾತೆಯಿಂದ ಖಾತೆಗೆ ಜಿಗಿಯುತ್ತ ಹೋಗುವುದರಿಂದ, ಅದನ್ನು ನಡುವೆ ತಡೆಹಿಡಿಸಬೇಕಾದರೆ ಮೊದಲ ಗಂಟೆಯೊಳಗೆ ಕರೆ ಮಾಡಿದಷ್ಟೂ ಲಾಭ. ಕುಟ್ಟದಿಂದ ಮಡಿಕೇರಿಗೆ ಬಸ್ಸಿನಲ್ಲಿ ಹೋಗಿ ದೂರು ಬರೆಸುವಷ್ಟರಲ್ಲಿ ಆ ಗಂಟೆ ಎಂದೋ ಕಳೆದಿರುತ್ತದೆ.

ಅರಿವಿನ ಕಾರ್ಯಕ್ರಮಗಳು ಯುವಕರನ್ನು ಮೋಸಹೋಗುವವರೆಂದೇ ಕಾಣುವುದು ಹೆಚ್ಚು. ಆದರೆ ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆ, ಸಿಮ್, ಎಟಿಎಂ ಕಾರ್ಡನ್ನು ಅಪರಿಚಿತರಿಗೆ ಬಾಡಿಗೆಗೆ ಕೊಡುವವರಲ್ಲಿ ಕಾಲೇಜು ಓದುವವರೂ ಇದ್ದಾರೆ. ವಂಚನೆಯ ಹಣ ಆ ಖಾತೆಯಲ್ಲಿ ಹಾದುಹೋದರೆ ಪೊಲೀಸರು ಮೊದಲು ಬರುವುದು ಖಾತೆದಾರನ ಮನೆಬಾಗಿಲಿಗೆ.