ಸಯಾಟಿಕಾ ನೋವು ಮತ್ತು ಸ್ಟೀರಾಯ್ಡ್ ಮಾತ್ರೆ

ಮುಂಬಯಿ: ಉಪನಗರಗಳಿಂದ ಲೋಕಲ್ ರೈಲಿನಲ್ಲಿ ನಿಂತೇ ಬಂದು, ಫೋರ್ಟ್ ಪರಿಸರದ ಕಚೇರಿ, ಬ್ಯಾಂಕ್, ಹೋಟೆಲುಗಳಲ್ಲಿ ದಿನವಿಡೀ ದುಡಿಯುವ ಕನ್ನಡಿಗರಿಗೆ ಸೊಂಟನೋವು ಹೊಸತೇನಲ್ಲ. ಆದರೆ ನೋವು ಸೊಂಟದಲ್ಲೇ ನಿಲ್ಲದೆ ತೊಡೆಯ ಹಿಂಭಾಗ, ಮೀನಖಂಡಗಳ ಮೂಲಕ ಪಾದದವರೆಗೆ ಮಿಂಚಿನಂತೆ ಇಳಿದರೆ ಅದು ಸಯಾಟಿಕಾ ಆಗಿರುವ ಸಂಭವ ಹೆಚ್ಚು. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಎಂಬ ಹೆಸರಿದೆ. ರೋಗಿಯ ನಡಿಗೆ ಹದ್ದಿನ ನಡಿಗೆಯನ್ನು ಹೋಲುತ್ತದೆಂಬುದು ಆ ಹೆಸರಿನ ಹಿಂದಿರುವ ಕಲ್ಪನೆ.

ಬೆನ್ನೆಲುಬಿನ ಮಣಿಗಳ ನಡುವಿನ ಡಿಸ್ಕ್ ಹೊರಚಾಚಿ ನರದ ಬೇರನ್ನು ಒತ್ತುವುದು ಇದರ ಪ್ರಧಾನ ಕಾರಣವೆಂಬುದನ್ನು 1934ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ ಅವರು ಸ್ಪಷ್ಟಪಡಿಸಿದರು. ಒತ್ತಡದೊಂದಿಗೆ ನರದ ಸುತ್ತ ಉರಿಯೂತವೂ ಉಂಟಾಗುತ್ತದೆ. ಉರಿಯೂತವನ್ನು ತಗ್ಗಿಸುವ ಗುಣ ಸ್ಟೀರಾಯ್ಡ್‌ಗಳಿಗೆ ಇರುವುದರಿಂದಲೇ ಕೆಲವು ವೈದ್ಯರು ಪ್ರೆಡ್ನಿಸೋಲೋನ್‌ನಂತಹ ಮಾತ್ರೆಗಳನ್ನು ಅಲ್ಪಾವಧಿಗೆ ಕೊಡುತ್ತ ಬಂದಿದ್ದಾರೆ.

ತರ್ಕ ಸರಿಯೇ, ಫಲಿತಾಂಶ ಮಾತ್ರ ಅಷ್ಟು ಉತ್ಸಾಹಕರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 269 ರೋಗಿಗಳಿದ್ದರು. ಒಂದು ಗುಂಪಿಗೆ ಪ್ರೆಡ್ನಿಸೋನ್ ಮಾತ್ರೆಯನ್ನು ದಿನಕ್ಕೆ 60, ಬಳಿಕ 40, ಕೊನೆಗೆ 20 ಮಿಲಿಗ್ರಾಂನಂತೆ ತಲಾ ಐದು ದಿನ ಕೊಡಲಾಯಿತು. ಇನ್ನೊಂದು ಗುಂಪಿಗೆ ಔಷಧಾಂಶವಿಲ್ಲದ ಮಾತ್ರೆ. ಮೂರು ವಾರಗಳ ನಂತರ ಸ್ಟೀರಾಯ್ಡ್ ಸೇವಿಸಿದವರ ಓಡಾಟ, ದಿನಚರಿ ಸ್ವಲ್ಪ ಸುಧಾರಿಸಿತ್ತು. ನೋವಿನಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಒಳಗಾದವರ ಪ್ರಮಾಣವೂ ತಗ್ಗಲಿಲ್ಲ. ನಿದ್ರಾಹೀನತೆ, ಚಡಪಡಿಕೆ, ಅತಿ ಹಸಿವು ಮುಂತಾದ ಅಡ್ಡಪರಿಣಾಮಗಳು ಸ್ಟೀರಾಯ್ಡ್ ಗುಂಪಿನ ಶೇ. 49 ಮಂದಿಯಲ್ಲೂ ಇನ್ನೊಂದು ಗುಂಪಿನ ಶೇ. 24 ಮಂದಿಯಲ್ಲೂ ಕಂಡುಬಂದವು. ಬ್ರಿಟನ್ನಿನ ನೈಸ್ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಸಯಾಟಿಕಾಕ್ಕೆ ಸ್ಟೀರಾಯ್ಡ್ ಮಾತ್ರೆ ಕೊಡಕೂಡದೆಂದೇ ಹೇಳಿತು.

ನಮ್ಮ ಮನೆಗಳಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಮಧುಮೇಹ. ಸ್ಟೀರಾಯ್ಡ್ ಸೇವನೆಯಿಂದ ರಕ್ತದ ಸಕ್ಕರೆ ಏರುತ್ತದೆ, ಅದರಲ್ಲೂ ಮಧ್ಯಾಹ್ನದ ಊಟದ ನಂತರ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷಿಸಿ ನಿಶ್ಚಿಂತರಾಗುವವರಿಗೆ ಈ ಏರಿಕೆ ತಿಳಿಯದೇ ಹೋಗಬಹುದು. ರಕ್ತದೊತ್ತಡ, ಹೊಟ್ಟೆಹುಣ್ಣು, ಗ್ಲಾಕೋಮಾ ಇರುವವರೂ ವೈದ್ಯರಿಗೆ ಮೊದಲೇ ತಿಳಿಸಬೇಕು. ಇದರೊಂದಿಗೆ ಡೈಕ್ಲೋಫೆನಾಕ್‌ನಂತಹ ನೋವುನಿವಾರಕ ಸೇರಿದರೆ ಜಠರದಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ರಜೆ ಹಾಕಿದರೆ ಸಂಬಳ ಕಡಿತವಾದೀತೆಂಬ ಚಿಂತೆಯಲ್ಲಿ ಹಳೆಯ ಚೀಟಿ ತೋರಿಸಿಯೋ, ನೆರೆಯವರ ಮಾತು ಕೇಳಿಯೋ ಮೆಡಿಕಲ್ ಅಂಗಡಿಯಿಂದ ಈ ಮಾತ್ರೆ ತರುವವರಿದ್ದಾರೆ. ಇದು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿ. ದೀರ್ಘಕಾಲ ಸೇವಿಸುತ್ತಿದ್ದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯಕರ.

ಬಹುಪಾಲು ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ನೋವು ಇಳಿಯುತ್ತದೆ. ಹಾಸಿಗೆ ಹಿಡಿದು ಮಲಗುವುದಕ್ಕಿಂತ, ತಾಳಿಕೊಳ್ಳುವಷ್ಟು ನಡೆದಾಡುವುದೇ ಲೇಸು.

ಆದರೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಮಲವಿಸರ್ಜನೆಯ ಅರಿವು ಹೋದರೆ, ಗುಪ್ತಾಂಗದ ಸುತ್ತ ಮರಗಟ್ಟಿದರೆ, ಪಾದ ಎತ್ತಲಾಗದಷ್ಟು ಬಲಗುಂದಿದರೆ ಒಂದು ದಿನವೂ ಕಾಯಬಾರದು. ಅಂತಹ ಸ್ಥಿತಿಯಲ್ಲಿ ಫೋರ್ಟ್‌ನಿಂದ ಬೈಕಲಾದ ಸರಕಾರಿ ಜೆ.ಜೆ. ಆಸ್ಪತ್ರೆ ದೂರವೇನಲ್ಲ, ನರಶಸ್ತ್ರಚಿಕಿತ್ಸಾ ವಿಭಾಗ ಅಲ್ಲಿದೆ.