ಸಣ್ಣ ರೇಡಿಯೋ ನಿಯಂತ್ರಿತ ಹೆಲಿಕಾಪ್ಟರಿನ ನಿರ್ವಹಣೆ ಮತ್ತು ಉನ್ನತೀಕರಣ

ರೇಡಿಯೋ ನಿಯಂತ್ರಿತ ಹೆಲಿಕಾಪ್ಟರ್ ಎಂಬುದು ನೆಲದ ಮೇಲೆ ನಿಂತ ಚಾಲಕನು ರೇಡಿಯೋ ತರಂಗಗಳ ಮೂಲಕ ಹಾರಿಸುವ ಮಾದರಿ ವಿಮಾನಗಳ ಒಂದು ಬಗೆ. ಇವುಗಳಲ್ಲಿ ಬ್ಯಾಟರಿಯಿಂದ ನಡೆಯುವ, ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ಯಂತ್ರಗಳನ್ನು ಸಾಮಾನ್ಯವಾಗಿ ಮೈಕ್ರೋ ಹೆಲಿಕಾಪ್ಟರ್ ಎಂದು ಕರೆಯಲಾಗುತ್ತದೆ. ಇವು ಪದೇ ಪದೇ ಬೀಳುವ ಕಾರಣ, ಬಿಡಿಭಾಗಗಳನ್ನು ಪರೀಕ್ಷಿಸಿ ಬದಲಿಸುವ ಕೆಲಸವು ಹಾರಾಟದಷ್ಟೇ ಮುಖ್ಯವಾಗಿದೆ. ಮೂಲ ಭಾಗಗಳ ಜಾಗದಲ್ಲಿ ಹೆಚ್ಚು ಬಲವಾದ ಅಥವಾ ಹೆಚ್ಚು ಸಾಮರ್ಥ್ಯದ ಭಾಗಗಳನ್ನು ಜೋಡಿಸುವುದಕ್ಕೆ ಉನ್ನತೀಕರಣ ಎಂದು ಹೆಸರು. ಉನ್ನತೀಕರಣದ ಕೊರತೆಯೆಂದು ಭಾವಿಸಲಾಗುವ ಅನೇಕ ದೋಷಗಳು ವಾಸ್ತವದಲ್ಲಿ ಸವೆತ, ಬಾಗುವಿಕೆ ಅಥವಾ ಕೊಳೆಯಿಂದ ಉಂಟಾದವು. ಆದ್ದರಿಂದ ನಿರ್ವಹಣೆಯು ಮೊದಲು, ಉನ್ನತೀಕರಣವು ನಂತರ ಎಂಬುದು ಈ ಹವ್ಯಾಸದಲ್ಲಿ ಪಾಲಿಸಬೇಕಾದ ಕ್ರಮ.

ಹಿನ್ನೆಲೆ

ಮಾದರಿ ಹೆಲಿಕಾಪ್ಟರುಗಳನ್ನು ಯಶಸ್ವಿಯಾಗಿ ಹಾರಿಸಿದ ಮೊದಲಿಗರಲ್ಲಿ ಜರ್ಮನಿಯ ಡೀಟರ್ ಶ್ಲೂಟರ್ ಪ್ರಮುಖರು. 1970ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಕಿಟ್‌ಗಳು ಹವ್ಯಾಸಿಗಳ ಕೈಸೇರಿದವು. ಅಂದಿನ ಯಂತ್ರಗಳು ಎಂಜಿನ್‌ನಿಂದ ನಡೆಯುತ್ತಿದ್ದವು. ಹಲವು ಕಿಲೋಗ್ರಾಂ ತೂಗುತ್ತಿದ್ದವು. ಲಿಥಿಯಂ ಪಾಲಿಮರ್ ಬ್ಯಾಟರಿ, ಚಿಪ್ ರೂಪದ ಗೈರೋ ಹಾಗೂ 2.4 ಗಿಗಾಹರ್ಟ್ಸ್ ರೇಡಿಯೋ, ಈ ಮೂರೂ ಅಗ್ಗವಾದ ಮೇಲೆ ಕೆಲವೇ ಹತ್ತು ಗ್ರಾಂ ತೂಕದ ಹೆಲಿಕಾಪ್ಟರ್ ಸಾಧ್ಯವಾಯಿತು.

ಅಂಗಡಿಗಳಲ್ಲಿ ದೊರೆಯುವ ಸೈಮಾ ಎಸ್107ನಂತಹ ಆಟಿಕೆಗಳು ರೇಡಿಯೋದಿಂದಲ್ಲ, ಅವಕೆಂಪು ಕಿರಣಗಳಿಂದ ನಿಯಂತ್ರಿತವಾಗುತ್ತವೆ. ಬಿಸಿಲಿನಲ್ಲಿ ಅವುಗಳ ಸಂಕೇತ ಸರಿಯಾಗಿ ತಲುಪದು. ಈ ಲೇಖನದಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿರುವ ಬ್ಲೇಡ್ ಎಂಸಿಪಿ ಎಕ್ಸ್ ಅಮೆರಿಕದ ಹೊರೈಜನ್ ಹಾಬಿ ಸಂಸ್ಥೆಯು 2011ರ ಸುಮಾರಿಗೆ ಮಾರುಕಟ್ಟೆಗೆ ತಂದ ಮಾದರಿ. ಇದರ ಮುಖ್ಯ ರೋಟರಿನ ವ್ಯಾಸ 245 ಮಿಲಿಮೀಟರ್, ಬ್ಯಾಟರಿ ಸೇರಿ ತೂಕ ಸುಮಾರು 45.5 ಗ್ರಾಂ. ಬ್ಯಾಟರಿ ಒಂದೇ ಕೋಶದ್ದು, ಸಾಮರ್ಥ್ಯ 200 ಮಿಲಿಆಂಪಿಯರ್ ಗಂಟೆ.

ರಚನೆ ಮತ್ತು ಕಾರ್ಯವಿಧಾನ

ದೋಷವನ್ನು ಗುರುತಿಸಲು ಯಂತ್ರದ ರಚನೆಯನ್ನು ತಿಳಿದಿರಬೇಕು. ಮುಖ್ಯ ಮೋಟಾರು ಒಂದು ಪುಟ್ಟ ಹಲ್ಲುಚಕ್ರದ ಮೂಲಕ ದೊಡ್ಡ ಪ್ಲಾಸ್ಟಿಕ್ ಹಲ್ಲುಚಕ್ರವನ್ನೂ, ಅದಕ್ಕೆ ಜೋಡಿಸಿದ ಮುಖ್ಯ ಶಾಫ್ಟನ್ನೂ ತಿರುಗಿಸುತ್ತದೆ. ಶಾಫ್ಟಿನ ತುದಿಯಲ್ಲಿ ರೋಟರ್ ಹೆಡ್ ಇದೆ. ಅದರ ಮೂಲಕ ಅಡ್ಡಲಾಗಿ ಹಾದುಹೋಗುವ ತೆಳುವಾದ ಉಕ್ಕಿನ ಕಡ್ಡಿಗೆ ಫೆದರಿಂಗ್ ಶಾಫ್ಟ್ ಎಂದು ಹೆಸರು. ರೆಕ್ಕೆಗಳನ್ನು ಹಿಡಿದಿರುವ ಹಿಡಿಕೆಗಳು ಇದರ ಮೇಲೆ ಹೊರಳುತ್ತವೆ.

ಮೂರು ಪುಟ್ಟ ಸರ್ವೊಗಳು ಸ್ವಾಶ್‌ಪ್ಲೇಟ್ ಎಂಬ ತಟ್ಟೆಯನ್ನು ಓರೆಯಾಗಿಸುತ್ತವೆ ಅಥವಾ ಮೇಲೆ ಕೆಳಗೆ ಸರಿಸುತ್ತವೆ. ತಟ್ಟೆ ಓರೆಯಾದರೆ ಹೆಲಿಕಾಪ್ಟರ್ ಆ ದಿಕ್ಕಿಗೆ ವಾಲುತ್ತದೆ. ತಟ್ಟೆ ಪೂರ್ತಿಯಾಗಿ ಮೇಲೆ ಅಥವಾ ಕೆಳಗೆ ಸರಿದರೆ ಎರಡೂ ರೆಕ್ಕೆಗಳ ಕೋನ ಒಟ್ಟಿಗೆ ಬದಲಾಗಿ ಎತ್ತುಬಲ ಹೆಚ್ಚುತ್ತದೆ ಅಥವಾ ತಗ್ಗುತ್ತದೆ. ಈ ವ್ಯವಸ್ಥೆಗೆ ಕಲೆಕ್ಟಿವ್ ಪಿಚ್ ಎನ್ನುತ್ತಾರೆ. ಇದರಿಂದಾಗಿ ಯಂತ್ರವು ತಲೆಕೆಳಗಾಗಿಯೂ ಹಾರಬಲ್ಲದು.

ರೋಟರು ಒಂದು ದಿಕ್ಕಿಗೆ ತಿರುಗಿದಾಗ ಪ್ರತಿಕ್ರಿಯೆಯಾಗಿ ಹೆಲಿಕಾಪ್ಟರಿನ ಒಡಲು ವಿರುದ್ಧ ದಿಕ್ಕಿಗೆ ತಿರುಗಲು ಯತ್ನಿಸುತ್ತದೆ. ಅದನ್ನು ಬಾಲದ ರೋಟರು ತಡೆಯುತ್ತದೆ. ಎಂಸಿಪಿ ಎಕ್ಸ್ ಮಾದರಿಯಲ್ಲಿ ಕಾರ್ಬನ್ ನಾರಿನ ಬಾಲದಂಡದ ತುದಿಯಲ್ಲಿ ಪ್ರತ್ಯೇಕ ಮೋಟಾರೇ ಇದೆ.

ದೈನಂದಿನ ನಿರ್ವಹಣೆ

ಪ್ರತಿ ಹಾರಾಟದ ಮೊದಲು ಬ್ಯಾಟರಿ ಜೋಡಿಸದೆಯೇ ಯಂತ್ರವನ್ನು ಪರೀಕ್ಷಿಸಬೇಕು. ಮುಖ್ಯ ಹಲ್ಲುಚಕ್ರವನ್ನು ಬೆರಳಿನಿಂದ ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿದಾಗ ಎಲ್ಲಿಯೂ ತಡೆಯಾಗಬಾರದು. ಒಂದೇ ಜಾಗದಲ್ಲಿ ಪ್ರತಿ ಸಲ ತೊಡಕಾದರೆ ಅಲ್ಲಿ ಹಲ್ಲು ಮುರಿದಿದೆ ಅಥವಾ ಕಸ ಸಿಕ್ಕಿಕೊಂಡಿದೆ ಎಂದರ್ಥ. ಮನೆಯೊಳಗೆ ಹಾರಿಸುವವರ ಯಂತ್ರಗಳಲ್ಲಿ ತಲೆಗೂದಲು, ಜಮಖಾನದ ಎಳೆಗಳು ಬಾಲದ ಮೋಟಾರಿನ ಶಾಫ್ಟಿಗೆ ಸುತ್ತಿಕೊಳ್ಳುವುದು ಸಾಮಾನ್ಯ. ಚಿಮುಟದಿಂದ ಇವನ್ನು ತೆಗೆಯದಿದ್ದರೆ ಮೋಟಾರು ಬಿಸಿಯಾಗಿ ಸುಟ್ಟುಹೋಗುತ್ತದೆ.

ಬೇರಿಂಗುಗಳಿಗೆ ತಿಂಗಳಿಗೊಮ್ಮೆ ಸೂಜಿಯ ಮೊನೆಯಿಂದ ತೆಳುವಾದ ಯಂತ್ರದ ಎಣ್ಣೆಯ ಒಂದು ಹನಿ ಸಾಕು. ಪ್ಲಾಸ್ಟಿಕ್ ಹಲ್ಲುಚಕ್ರಗಳಿಗೆ ಎಣ್ಣೆ ಹಾಕಬಾರದು. ಅದು ಧೂಳನ್ನು ಹಿಡಿದು ಉಜ್ಜುಕಾಗದದಂತೆ ಹಲ್ಲುಗಳನ್ನು ಸವೆಸುತ್ತದೆ. ಲೋಹಕ್ಕೆ ಲೋಹ ಕೂಡುವ ಸ್ಕ್ರೂಗಳು ಸಡಿಲವಾಗದಂತೆ ನೀಲಿ ಬಣ್ಣದ ಥ್ರೆಡ್‌ಲಾಕ್ ಅಂಟನ್ನು ಬಳಸಬಹುದು. ಅದೇ ಅಂಟು ಕೆಲವು ಪ್ಲಾಸ್ಟಿಕ್‌ಗಳನ್ನು ಬಿರುಕುಬಿಡಿಸುವುದರಿಂದ ಪ್ಲಾಸ್ಟಿಕ್ ಭಾಗಗಳಿಗೆ ತಾಗಿಸಬಾರದು.

ಮೋಟಾರನ್ನು ಬದಲಿಸಿದಾಗ ಎರಡು ಹಲ್ಲುಚಕ್ರಗಳ ನಡುವೆ ತೆಳುವಾದ ಕಾಗದದ ಪಟ್ಟಿಯನ್ನು ಇಟ್ಟು, ಮೋಟಾರನ್ನು ಒತ್ತಿ ಬಿಗಿಮಾಡಿ, ನಂತರ ಕಾಗದವನ್ನು ತೆಗೆಯಬೇಕು. ಆಗ ಉಳಿಯುವ ಅಂತರವು ಸರಿಯಾಗಿರುತ್ತದೆ. ಅಂತರ ಕಡಿಮೆಯಾದರೆ ಮೋಟಾರಿಗೆ ಹೊರೆ, ಹೆಚ್ಚಾದರೆ ಹಲ್ಲುಗಳಿಗೆ ಹಾನಿ.

ದೋಷಗಳು ಮತ್ತು ಕಾರಣಗಳು

ಕಂಪನ: ಇದು ಅತ್ಯಂತ ಸಾಮಾನ್ಯ ದೋಷ. ರೋಟರು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕಾರಣ ಕಣ್ಣಿಗೆ ಕಾಣದ ಬಾಗು ಕೂಡ ಯಂತ್ರವನ್ನು ನಡುಗಿಸುತ್ತದೆ. ನಡುಕವನ್ನು ಗೈರೋ ಚಲನೆಯೆಂದೇ ತಪ್ಪಾಗಿ ಗ್ರಹಿಸಿ ಬೇಡದ ತಿದ್ದುಪಡಿಗಳನ್ನು ಮಾಡತೊಡಗುತ್ತದೆ. ಹೀಗಾಗಿ ಎಲೆಕ್ಟ್ರಾನಿಕ್ ದೋಷದಂತೆ ಕಾಣುವುದು ಬಾಗಿದ ಫೆದರಿಂಗ್ ಶಾಫ್ಟ್ ಆಗಿರಬಹುದು. ಶಾಫ್ಟನ್ನು ಬಿಚ್ಚಿ ಗಾಜಿನ ಹಲಗೆಯ ಮೇಲೆ ಉರುಳಿಸಿದರೆ ಬಾಗು ಗೊತ್ತಾಗುತ್ತದೆ. ಬಾಗಿದ್ದನ್ನು ನೆಟ್ಟಗೆ ಮಾಡಲು ಹೋಗದೆ ಬದಲಿಸುವುದೇ ಸರಿ. ಶಾಫ್ಟಿನ ಎರಡೂ ಬದಿಯ ರಬ್ಬರ್ ಉಂಗುರಗಳು ಸವೆದಿದ್ದರೂ ಇದೇ ಲಕ್ಷಣ ಕಾಣುತ್ತದೆ.

ರೆಕ್ಕೆಗಳ ಅಸಮತೆ: ಎರಡು ರೆಕ್ಕೆಗಳ ತೂಕ ಸಮವಾಗಿರಬೇಕು. ತಕ್ಕಡಿಯಂತೆ ತೂಗಿಸಿ, ಹಗುರವಾದ ರೆಕ್ಕೆಗೆ ಚಿಕ್ಕ ಅಂಟುಪಟ್ಟಿ ಹಚ್ಚಿ ಸರಿಪಡಿಸಬಹುದು. ಒಂದು ರೆಕ್ಕೆಯ ತುದಿಗೆ ಬಣ್ಣದ ಗುರುತು ಮಾಡಿ ದೂರದಿಂದ ನೋಡಿದಾಗ ತುದಿಗಳು ಎರಡು ಬೇರೆ ಮಟ್ಟಗಳಲ್ಲಿ ಸುತ್ತುತ್ತಿದ್ದರೆ ಒಂದು ರೆಕ್ಕೆಯ ಕೋನ ಬೇರೆಯಾಗಿದೆ ಎಂದು ತಿಳಿಯಬೇಕು. ಉದ್ದ ಹೊಂದಿಸಬಹುದಾದ ಕೊಂಡಿಗಳಿರುವ ಯಂತ್ರಗಳಲ್ಲಿ ಅದನ್ನು ತಿದ್ದಬಹುದು.

ಬಾಲ ನಿಲ್ಲದಿರುವುದು: ಮೇಲಿನಿಂದ ನೋಡಿದಾಗ ರೋಟರು ಪ್ರದಕ್ಷಿಣವಾಗಿ ತಿರುಗುವ ಯಂತ್ರದಲ್ಲಿ, ಶಕ್ತಿಯನ್ನು ಹೆಚ್ಚಿಸಿದೊಡನೆ ಮೂತಿ ಎಡಕ್ಕೆ ಹೊರಳಿದರೆ ಬಾಲದ ಮೋಟಾರು ಸೋತಿದೆ ಎಂದರ್ಥ. ಬ್ರಶ್ ಇರುವ ಸಣ್ಣ ಮೋಟಾರುಗಳು ಬಳಸಿದಷ್ಟೂ ಸವೆಯುತ್ತವೆ. ಅವನ್ನು ಪೆನ್ಸಿಲ್ಲಿನಂತೆ ಮುಗಿದುಹೋಗುವ ವಸ್ತುವೆಂದೇ ಪರಿಗಣಿಸಬೇಕು.

ಸರ್ವೊ ತಡವರಿಸುವುದು: ತೆರೆದ ಸರ್ವೊಗಳ ಸಂಪರ್ಕ ಪಟ್ಟಿಯ ಮೇಲೆ ಧೂಳು ಕುಳಿತಾಗ ಹೆಲಿಕಾಪ್ಟರ್ ಇದ್ದಕ್ಕಿದ್ದಂತೆ ಒಂದು ಬದಿಗೆ ಎಳೆಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತೇವದ ಹತ್ತಿಕಡ್ಡಿಯಿಂದ ಒರೆಸಿದರೆ ಬಹುತೇಕ ಸರಿಹೋಗುತ್ತದೆ.

ಬ್ಯಾಟರಿಯ ಆರೈಕೆ

ಲಿಥಿಯಂ ಪಾಲಿಮರ್ ಕೋಶದ ಸಾಧಾರಣ ವೋಲ್ಟೇಜ್ 3.7, ಪೂರ್ತಿ ತುಂಬಿದಾಗ 4.2. ಬಳಕೆಯಲ್ಲಿ 3.0 ವೋಲ್ಟಿಗಿಂತ ಕೆಳಗಿಳಿದರೆ ಕೋಶಕ್ಕೆ ಶಾಶ್ವತ ಹಾನಿಯಾಗಬಹುದು. ಹಾರಾಟದ ಅವಧಿ ಕೆಲವೇ ನಿಮಿಷಗಳದ್ದಾದ್ದರಿಂದ ಗಡಿಯಾರ ಇಟ್ಟುಕೊಂಡು ಹಾರಿಸುವುದು ಉತ್ತಮ. ತಯಾರಕರು ಬೇರೆ ಹೇಳದಿದ್ದಲ್ಲಿ ಸಾಮರ್ಥ್ಯಕ್ಕೆ ಸಮನಾದ ವಿದ್ಯುತ್ತಿನಲ್ಲಿ, ಅಂದರೆ 200 ಮಿಲಿಆಂಪಿಯರ್ ಗಂಟೆಯ ಕೋಶವನ್ನು 0.2 ಆಂಪಿಯರಿನಲ್ಲಿ ಚಾರ್ಜ್ ಮಾಡುವುದು ಸುರಕ್ಷಿತ. ಹಲವು ದಿನ ಬಳಸುವುದಿಲ್ಲವಾದರೆ ಸುಮಾರು 3.8 ವೋಲ್ಟಿನಲ್ಲಿ ತಂಪಾದ ಜಾಗದಲ್ಲಿ ಇಡಬೇಕು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬಾರದು.

ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮನೆಬಿಟ್ಟು ಹೋಗುವುದು ಅಥವಾ ನಿದ್ರಿಸುವುದು ಅಪಾಯಕರ. ಉಬ್ಬಿದ ಕೋಶದೊಳಗೆ ಅನಿಲ ತುಂಬಿರುತ್ತದೆ. ಅದನ್ನು ಚುಚ್ಚಬಾರದು, ಮತ್ತೆ ಚಾರ್ಜ್ ಮಾಡಬಾರದು, ಮನೆಯ ಕಸದೊಡನೆ ಎಸೆಯಲೂ ಬಾರದು. ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು.

ಉನ್ನತೀಕರಣ

ಹವ್ಯಾಸಿಗಳು ಹೆಚ್ಚಾಗಿ ಮಾಡುವ ಬದಲಾವಣೆಗಳು ಇವು: ಪ್ಲಾಸ್ಟಿಕ್ ರೋಟರ್ ಹೆಡ್ ಮತ್ತು ಸ್ವಾಶ್‌ಪ್ಲೇಟಿನ ಬದಲು ಅಲ್ಯೂಮಿನಿಯಂ ಭಾಗಗಳು, ಹೆಚ್ಚು ಬಲದ ಬಾಲದ ಮೋಟಾರು, ಬೇರೆ ಆಕಾರದ ರೆಕ್ಕೆಗಳು, ದೊಡ್ಡ ಬ್ಯಾಟರಿ ಮತ್ತು ಬ್ರಶ್‌ರಹಿತ ಮೋಟಾರು. ಇವುಗಳಲ್ಲಿ ಬ್ರಶ್‌ರಹಿತ ಮೋಟಾರು ನಿಜವಾದ ಲಾಭ ಕೊಡುತ್ತದೆ. ಬ್ರಶ್ ಸವೆಯುವ ಪ್ರಶ್ನೆಯೇ ಇಲ್ಲದ್ದರಿಂದ ಅದು ಬಹುಕಾಲ ಬಾಳುತ್ತದೆ. ತಯಾರಕರೇ ಮುಂದೆ ಬ್ರಶ್‌ರಹಿತ ಮೋಟಾರಿನ ಎಂಸಿಪಿ ಎಕ್ಸ್ ಬಿಎಲ್ ಆವೃತ್ತಿಯನ್ನು ತಂದರು. ಆದರೆ ಇಂತಹ ಮೋಟಾರಿಗೆ ಪ್ರತ್ಯೇಕ ವೇಗ ನಿಯಂತ್ರಕವೂ ಬೆಸುಗೆಯ ಕೌಶಲವೂ ಬೇಕಾಗುತ್ತವೆ.

ಉಳಿದ ಬದಲಾವಣೆಗಳಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ತೂಕ. ರೋಟರಿನ ಅಳತೆ ಬದಲಾಗದಿದ್ದರೆ ಗಾಳಿಯಲ್ಲಿ ಒಂದೆಡೆ ನಿಲ್ಲಲು ಬೇಕಾಗುವ ಶಕ್ತಿಯು ತೂಕದ ಒಂದೂವರೆ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 45.5 ಗ್ರಾಂ ಯಂತ್ರವು 50 ಗ್ರಾಂ ಆದರೆ ತೂಕದ ಹೆಚ್ಚಳ ಸುಮಾರು ಶೇ. 10, ಶಕ್ತಿಯ ಹೆಚ್ಚಳ ಸುಮಾರು ಶೇ. 15. ದೊಡ್ಡ ಯಂತ್ರದಲ್ಲಿ ಲೆಕ್ಕಕ್ಕೆ ಬಾರದ ನಾಲ್ಕೂವರೆ ಗ್ರಾಂ ಇಲ್ಲಿ ಹಾರಾಟದ ಅವಧಿಯನ್ನು ಕಡಿತಗೊಳಿಸಿ ಮೋಟಾರಿನ ಆಯುಷ್ಯವನ್ನು ತಿನ್ನುತ್ತದೆ.

ಎರಡನೆಯದು ಹೊಡೆತದ ಹಾದಿ. ಯಂತ್ರ ಬಿದ್ದಾಗ ಅದರ ಆಘಾತವನ್ನು ಯಾವುದಾದರೂ ಭಾಗ ತಾಳಲೇಬೇಕು. ಮನೆಯ ಫ್ಯೂಸ್ ಸುಟ್ಟು ಉಳಿದ ಸಲಕರಣೆಗಳನ್ನು ಕಾಪಾಡುವಂತೆ, ಅಗ್ಗದ ಪ್ಲಾಸ್ಟಿಕ್ ಭಾಗ ಮುರಿದು ದುಬಾರಿ ಭಾಗಗಳನ್ನು ಕಾಪಾಡುತ್ತದೆ. ಹಿಡಿಕೆಗಳನ್ನು ಲೋಹದ್ದಾಗಿಸಿದರೆ ಅದೇ ಹೊಡೆತ ಮುಖ್ಯ ಶಾಫ್ಟಿಗೆ, ಹಲ್ಲುಚಕ್ರಕ್ಕೆ ಅಥವಾ ಸರ್ವೊಗಳಿಗೆ ದಾಟುತ್ತದೆ. ಕಲಿಯುವ ಹಂತದಲ್ಲಿ ಮೂಲ ಪ್ಲಾಸ್ಟಿಕ್ ಭಾಗಗಳನ್ನೇ ಉಳಿಸಿಕೊಂಡು, ಉನ್ನತೀಕರಣದ ಹಣದಲ್ಲಿ ಬಿಡಿ ರೆಕ್ಕೆಗಳು, ಫೆದರಿಂಗ್ ಶಾಫ್ಟುಗಳು, ಹಲ್ಲುಚಕ್ರಗಳು ಹಾಗೂ ಎರಡು ಹೆಚ್ಚುವರಿ ಬ್ಯಾಟರಿಗಳನ್ನು ಕೊಳ್ಳುವುದು ಹೆಚ್ಚು ಉಪಯುಕ್ತ. ಉನ್ನತೀಕರಿಸುವುದಾದರೆ ಒಮ್ಮೆಗೆ ಒಂದೇ ಭಾಗವನ್ನು ಬದಲಿಸಿ ಹಾರಿಸಿ ನೋಡಬೇಕು. ಇಲ್ಲವಾದರೆ ಗುಣವಾಗಲಿ ದೋಷವಾಗಲಿ ಯಾವುದರಿಂದ ಬಂತೆಂದು ತಿಳಿಯದು.

ಸುರಕ್ಷತೆ ಮತ್ತು ಕಾನೂನು

ಮೈಕ್ರೋ ಹೆಲಿಕಾಪ್ಟರಿನ ರೆಕ್ಕೆ ಹಗುರವಾದರೂ ಕಣ್ಣಿಗೆ ತೀವ್ರ ಗಾಯ ಮಾಡಬಲ್ಲದು. ದೊಡ್ಡ ಮಾದರಿಗಳು ಪ್ರಾಣಾಂತಕ: 2013ರಲ್ಲಿ ನ್ಯೂಯಾರ್ಕ್ ನಗರದ ಉದ್ಯಾನವೊಂದರಲ್ಲಿ ತಾನೇ ಹಾರಿಸುತ್ತಿದ್ದ ಹೆಲಿಕಾಪ್ಟರಿನ ರೆಕ್ಕೆ ತಗುಲಿ ಯುವಕನೊಬ್ಬ ಮೃತಪಟ್ಟನು. ಸಣ್ಣ ಯಂತ್ರದಲ್ಲಿ ಕಲಿತ ಅಭ್ಯಾಸಗಳೇ ದೊಡ್ಡ ಯಂತ್ರಕ್ಕೂ ಸಾಗುವುದರಿಂದ ಎಚ್ಚರಿಕೆಯನ್ನು ಮೊದಲಿನಿಂದಲೇ ರೂಢಿಸಿಕೊಳ್ಳಬೇಕು. ಟ್ರಾನ್ಸ್‌ಮಿಟರನ್ನು ಮೊದಲು ಚಾಲನೆ ಮಾಡಿ, ನಂತರ ಹೆಲಿಕಾಪ್ಟರಿಗೆ ಬ್ಯಾಟರಿ ಜೋಡಿಸಬೇಕು. ನಿಲ್ಲಿಸುವಾಗ ಈ ಕ್ರಮ ತಿರುಗುಮುರುಗು. ಬೀಳುವುದು ಖಚಿತವೆನಿಸಿದ ಕ್ಷಣದಲ್ಲೇ ಮೋಟಾರಿನ ಶಕ್ತಿಯನ್ನು ಪೂರ್ತಿ ಕಡಿತಗೊಳಿಸುವ ಅಭ್ಯಾಸವು ನೋಡುಗರನ್ನೂ ಯಂತ್ರವನ್ನೂ ಒಟ್ಟಿಗೆ ಕಾಪಾಡುತ್ತದೆ. ತಿರುಗುವ ರೆಕ್ಕೆ ನೆಲಕ್ಕೆ ತಾಗಿದಾಗಲೇ ಹಲ್ಲುಚಕ್ರ ಸವೆಯುವುದು, ಮೋಟಾರು ಸುಡುವುದು ಹೆಚ್ಚು.

ಭಾರತದಲ್ಲಿ ಇಂತಹ ಯಂತ್ರಗಳು 2021ರ ಡ್ರೋನ್ ನಿಯಮಗಳ ವ್ಯಾಪ್ತಿಗೆ ಬರುತ್ತವೆ. 250 ಗ್ರಾಂವರೆಗಿನವು ನ್ಯಾನೋ ವರ್ಗಕ್ಕೆ ಸೇರುತ್ತವೆ. ಇವನ್ನು ಹಾರಿಸಲು ಚಾಲಕ ಪರವಾನಗಿ ಬೇಕಿಲ್ಲ. ಆದರೆ ವಿಮಾನ ನಿಲ್ದಾಣಗಳ ಸುತ್ತಮುತ್ತ ಹಾಗೂ ಇತರ ನಿರ್ಬಂಧಿತ ವಲಯಗಳಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ.